ಟಿಬಿ ಮರುಕಳಿಸಿದೆ ಎನ್ನುವ ಮುಂಚೆ: ಶ್ವಾಸಕೋಶದ ಫಂಗಸ್ ಪತ್ತೆ ಮಾಡುವ ದಾರಿ

ಆರು ತಿಂಗಳು ಟಿಬಿ ಮಾತ್ರೆ ತಪ್ಪದೆ ನುಂಗಿ, ವಾಸಿಯಾಗಿದೆ ಎಂದು ಬರೆಸಿಕೊಂಡು ಬಂದವರಿಗೆ ಒಂದೆರಡು ವರ್ಷದ ಮೇಲೆ ಮತ್ತೆ ಕೆಮ್ಮು ಶುರುವಾಗುತ್ತದೆ. ತೂಕ ಇಳಿಯುತ್ತದೆ. ಕಫದಲ್ಲಿ ಆಗಾಗ ರಕ್ತ ಕಾಣುತ್ತದೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಗೂಡು. ‘ಟಿಬಿ ಮರುಕಳಿಸಿದೆ’ ಎಂದು ಮತ್ತೆ ಅದೇ ಮಾತ್ರೆ ಕೊಡುತ್ತಾರೆ. ಕೆಲವರ ಬಾಳಿನಲ್ಲಿ ಇದು ಎರಡು ಸಲ, ಮೂರು ಸಲ ನಡೆಯುತ್ತದೆ. ಎರಡನೇ ಸಲದಿಂದ ಕಫದಲ್ಲಿ ಟಿಬಿ ರೋಗಾಣು ಸಿಕ್ಕಿತ್ತಾ ಎಂದು ಕೇಳಿದರೆ, ಹಳೇ ಚೀಟಿಗಳಲ್ಲೆಲ್ಲ ‘ನೆಗೆಟಿವ್’ ಎಂದೇ ಇರುತ್ತದೆ.

ಇಂಥವರಲ್ಲಿ ಅನೇಕರಿಗೆ ಇರುವುದು ಆಸ್ಪರ್ಜಿಲಸ್ ಎಂಬ ಫಂಗಸ್‌ನ ಸೋಂಕು. ಮಳೆಗಾಲದಲ್ಲಿ ಉಪ್ಪಿನಕಾಯಿ, ಹುಲ್ಲಿನ ಬಣವೆ, ಒದ್ದೆ ಗೋಡೆಯ ಮೇಲೆ ಬರುತ್ತದಲ್ಲ, ಆ ಬೂಸ್ಟಿನ ಜಾತಿಯದು. ಅದರ ಬೀಜಕಣ ಎರಡು-ಮೂರು ಮೈಕ್ರಾನ್‌ನಷ್ಟು ಸಣ್ಣದು, ಎಲ್ಲ ಕಡೆಯ ಗಾಳಿಯಲ್ಲೂ ಇದೆ. ನಾವೆಲ್ಲರೂ ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಆದರೆ ಟಿಬಿ ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಟೊಳ್ಳು ಗೂಡು ಉಳಿದಿದ್ದರೆ, ಅಲ್ಲಿ ಅದು ನೆಲೆ ಊರುತ್ತದೆ. ನಿಧಾನವಾಗಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಕ್ಕಪಕ್ಕದ ಶ್ವಾಸಕೋಶವನ್ನು ಹಾಳು ಮಾಡುತ್ತದೆ. ಕೆಮ್ಮು, ರಕ್ತ, ಸುಸ್ತು, ತೂಕ ಇಳಿಯುವುದು ಎಲ್ಲವೂ ಟಿಬಿಯಂತೆಯೇ. ಎಕ್ಸ್‌ರೇ ಕೂಡ ಹಾಗೆಯೇ ಕಾಣುತ್ತದೆ. 2011ರ ಅಂಕಿಗಳನ್ನು ಇಟ್ಟುಕೊಂಡು ಸಂಶೋಧಕರು ಹಾಕಿದ ಅಂದಾಜಿನ ಪ್ರಕಾರ, ಭಾರತದಲ್ಲಿ ಟಿಬಿ ನಂತರ ಈ ಕಾಯಿಲೆ ಅಂಟಿಕೊಂಡವರು ಸುಮಾರು 2.9 ಲಕ್ಷ ಮಂದಿ. ಇವರಲ್ಲಿ ಬಹಳಷ್ಟು ಜನರಿಗೆ ತಮ್ಮ ಕಾಯಿಲೆಯ ಹೆಸರೇ ಗೊತ್ತಿರುವುದಿಲ್ಲ. ಈ ಬರಹ ಅವರಿಗೆ, ಅವರ ಮನೆಯವರಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಟಿಬಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಟಿಬಿ ನಿಜವಾಗಿಯೂ ಮರುಕಳಿಸಬಹುದು. ಎರಡೂ ಒಟ್ಟಿಗೇ ಇರಬಹುದು. ಪರೀಕ್ಷೆ ಕೇಳುವುದು ನಿಮ್ಮ ಕೆಲಸ, ಮಾತ್ರೆ ನಿಲ್ಲಿಸುವುದು ವೈದ್ಯರ ತೀರ್ಮಾನ.

ಹೆಜ್ಜೆ 1: ಅನುಮಾನ ಪಡಬೇಕಾದವರು ಯಾರು?

ಮುಖ್ಯವಾಗಿ ಹಿಂದೆ ಶ್ವಾಸಕೋಶದ ಟಿಬಿ ಬಂದು ಹೋದವರು. ಅದರಲ್ಲೂ ಚಿಕಿತ್ಸೆ ಮುಗಿದಾಗಿನ ಎಕ್ಸ್‌ರೇಯಲ್ಲಿ ಗೂಡು ಉಳಿದಿದ್ದವರು. ಉಗಾಂಡಾದ ಗುಲು ಎಂಬ ಊರಿನಲ್ಲಿ ಟಿಬಿ ಚಿಕಿತ್ಸೆ ಮುಗಿಸಿದ ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಗೂಡು ಉಳಿದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಆಸ್ಪರ್ಜಿಲಸ್ ಕಾಯಿಲೆ ಇತ್ತು. ಗೂಡು ಇಲ್ಲದವರಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಅಂದರೆ ಟಿಬಿ ಬಂದವರೆಲ್ಲ ಹೆದರಬೇಕಿಲ್ಲ. ಗೂಡು ಉಳಿದಿದೆಯಾ ಎಂಬುದೇ ಮೊದಲ ಪ್ರಶ್ನೆ.

ಬೀಡಿ-ಸಿಗರೇಟಿನಿಂದ ಶ್ವಾಸಕೋಶ ಹಾಳಾದವರು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು ಕೂಡ ಈ ಪಟ್ಟಿಯಲ್ಲಿದ್ದಾರೆ.

ಕಾಲದ ಲೆಕ್ಕವೂ ಮುಖ್ಯ. ಒಂದು ವಾರದ ಕೆಮ್ಮಿಗೆ ಇಷ್ಟೆಲ್ಲ ಯೋಚಿಸಬೇಕಿಲ್ಲ. ತೊಂದರೆ ಮೂರು ತಿಂಗಳು ದಾಟಿರಬೇಕು. 2018ರಲ್ಲಿ ಹಲವು ದೇಶಗಳ ತಜ್ಞರು, ದೊಡ್ಡ ಸೌಲಭ್ಯ ಇಲ್ಲದ ಆಸ್ಪತ್ರೆಗಳಿಗೂ ಒಗ್ಗುವಂತೆ ಒಂದು ಅಳತೆಗೋಲು ಕೊಟ್ಟರು: ಮೂರು ತಿಂಗಳ ತೊಂದರೆ, ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್‌ನಲ್ಲಿ ಅದಕ್ಕೆ ತಕ್ಕ ಗುರುತು, ರಕ್ತ ಅಥವಾ ಕಫದಲ್ಲಿ ಆಸ್ಪರ್ಜಿಲಸ್‌ನ ಪುರಾವೆ, ಜೊತೆಗೆ ಟಿಬಿ ಇಲ್ಲ ಎಂಬ ಖಾತರಿ. ನಾಲ್ಕೂ ಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ನಾಲ್ಕನ್ನು ಒಂದೊಂದಾಗಿ ಕೂಡಿಸುವ ಕೆಲಸ.

ರಕ್ತದ ವಿಷಯ ಮಾತ್ರ ಕಾಯುವಂಥದ್ದಲ್ಲ. ಕೆಮ್ಮಿದಾಗ ಒಂದು ಲೋಟದಷ್ಟು ರಕ್ತ ಬಂತು ಅಥವಾ ಮೇಲಿಂದ ಮೇಲೆ ಬರುತ್ತಿದೆ ಎಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಕಾಯಿಲೆ ಯಾವ ಕಡೆಯ ಶ್ವಾಸಕೋಶದಲ್ಲಿದೆ ಎಂದು ಗೊತ್ತಿದ್ದರೆ ಆ ಮಗ್ಗುಲು ಕೆಳಗೆ ಬರುವಂತೆ ಮಲಗಿಸಿ. ಆಗ ರಕ್ತ ಚೆನ್ನಾಗಿರುವ ಕಡೆಗೆ ಹರಿಯುವುದಿಲ್ಲ. ರಕ್ತನಾಳದ ಒಳಗಿಂದ ಹೋಗಿ ಸೋರಿಕೆ ಮುಚ್ಚುವ ಎಂಬೊಲೈಸೇಶನ್ ಎಂಬ ಚಿಕಿತ್ಸೆ ದೊಡ್ಡ ಆಸ್ಪತ್ರೆಗಳಲ್ಲಿ ಇದೆ. ಅದು ಜೀವ ಉಳಿಸುತ್ತದೆ.

ಹೆಜ್ಜೆ 2: ಟಿಬಿ ಇದೆಯೋ ಇಲ್ಲವೋ, ಪುರಾವೆ ಕೇಳಿ

ಎಕ್ಸ್‌ರೇ ನೋಡಿ ಟಿಬಿ ಅನ್ನುವುದು ಊಹೆ. ಕಫದಲ್ಲಿ ರೋಗಾಣು ಸಿಕ್ಕರೆ ಅದು ಪುರಾವೆ. ಕಫದಲ್ಲಿ ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ಆಗುತ್ತದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯನ್ನೋ ಕೇಳಿದರೆ ಎಲ್ಲಿ ಎಂದು ಹೇಳುತ್ತಾರೆ.

ಕಫ ಸರಿಯಾಗಿ ಕೊಡುವುದರಲ್ಲೇ ಅರ್ಧ ಕೆಲಸ ಇದೆ. ಬೆಳಗ್ಗೆ ಎದ್ದ ಕೂಡಲೇ, ತಿಂಡಿಗೆ ಮುಂಚೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಎರಡು-ಮೂರು ಸಲ ಉಸಿರು ಎಳೆದು ಎದೆಯಾಳದಿಂದ ಕೆಮ್ಮಿ ತೆಗೆಯಬೇಕು. ಡಬ್ಬಿಯಲ್ಲಿ ಎಂಜಲು ತುಂಬಿಸಿ ಕೊಟ್ಟರೆ ಯಾವ ಪರೀಕ್ಷೆಯಲ್ಲೂ ಏನೂ ಸಿಗುವುದಿಲ್ಲ. ಆಮೇಲೆ ಆ ‘ನೆಗೆಟಿವ್’ ಚೀಟಿಗೂ ಬೆಲೆ ಇರುವುದಿಲ್ಲ.

ಇಲ್ಲಿ ಇನ್ನೊಂದು ತೊಡಕಿದೆ, ಇದನ್ನು ಬಹಳ ಜನ ಹೇಳುವುದಿಲ್ಲ. ಹಿಂದೆ ಟಿಬಿ ಬಂದವರಲ್ಲಿ ಸಿಬಿನ್ಯಾಟ್ ಪಾಸಿಟಿವ್ ಬಂದರೂ ಅದು ಸತ್ತ ರೋಗಾಣುವಿನ ಡಿಎನ್‌ಎ ಆಗಿರಬಹುದು. ಈ ಯಂತ್ರಕ್ಕೆ ಜೀವಂತ ಯಾವುದು, ಸತ್ತದ್ದು ಯಾವುದು ಗೊತ್ತಾಗುವುದಿಲ್ಲ. ‘ತೀರಾ ಕಡಿಮೆ’ ಅಥವಾ ‘ಸುಳಿವು ಮಾತ್ರ’ ಎಂಬ ಅರ್ಥದ ಫಲಿತಾಂಶ ಬಂದಾಗ ಈ ಸಾಧ್ಯತೆ ಜಾಸ್ತಿ. ಆಗ ಟಿಬಿ ಕಲ್ಚರ್, ಅಂದರೆ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು. ರೋಗಾಣು ಬದುಕಿದ್ದರೆ ಮಾತ್ರ ಅದರಲ್ಲಿ ಬೆಳೆಯುತ್ತದೆ. ಫಲಿತಾಂಶಕ್ಕೆ ಆರು ವಾರದವರೆಗೂ ಕಾಯಬೇಕಾಗಬಹುದು. ಅಷ್ಟರವರೆಗೆ ಟಿಬಿ ಮಾತ್ರೆ ಮುಂದುವರಿಸಬೇಕೇ ಎಂಬುದು ರೋಗಿಯ ಸ್ಥಿತಿ ನೋಡಿ ವೈದ್ಯರು ಹೇಳುವ ಮಾತು.

‘ಮಾತ್ರೆ ಶುರು ಮಾಡಿದ ಮೇಲೆ ಸ್ವಲ್ಪ ಗುಣ ಕಂಡಿತಲ್ಲ, ಹಾಗಾದರೆ ಟಿಬಿಯೇ ಇರಬೇಕು’ ಎಂದು ಅನೇಕರು ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಬೇರೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಗೂಡಿನಲ್ಲಿದ್ದ ಬೇರೆ ಸೋಂಕು ಇಳಿದು ಕೆಲವು ವಾರ ಹಗುರ ಅನ್ನಿಸಬಹುದು. ಎರಡು ತಿಂಗಳಾದರೂ ತೂಕ ಏರದೆ, ಕೆಮ್ಮು ಹೋಗದೆ ಇದ್ದರೆ ಮತ್ತೆ ಕಾರಣ ಹುಡುಕಲೇಬೇಕು.

ಹೆಜ್ಜೆ 3: ಹಳೇ ಎಕ್ಸ್‌ರೇ ಹುಡುಕಿ ತೆಗೆಯಿರಿ

ಹಳೇ ಫಿಲ್ಮ್‌ಗಳನ್ನು ಗುಜರಿಗೆ ಹಾಕಬೇಡಿ. ಈ ಕಾಯಿಲೆಯಲ್ಲಿ ಒಂದು ಎಕ್ಸ್‌ರೇಗಿಂತ ಮೂರು ವರ್ಷದ ಮೂರು ಎಕ್ಸ್‌ರೇ ಪಕ್ಕಪಕ್ಕ ಇಟ್ಟು ನೋಡಿದರೆ ಹೆಚ್ಚು ತಿಳಿಯುತ್ತದೆ. ಟಿಬಿಯ ಹಳೇ ಕಲೆ ಇದ್ದ ಹಾಗೇ ಇರುತ್ತದೆ. ಫಂಗಸ್ ಇದ್ದರೆ ಗೂಡಿನ ಗೋಡೆ ದಪ್ಪವಾಗುತ್ತಾ ಹೋಗುತ್ತದೆ, ಪಕ್ಕದ ಪೊರೆ ದಪ್ಪವಾಗುತ್ತದೆ, ಹೊಸ ಗೂಡು ಹುಟ್ಟುತ್ತದೆ. ತಾರೀಖಿನ ಪ್ರಕಾರ ಜೋಡಿಸಿ, ಒಂದೇ ಕವರಿನಲ್ಲಿ ಹಾಕಿಕೊಂಡು ಹೋಗಿ. ಸಾಲಿನಲ್ಲಿ ನೂರು ಜನ ಕಾಯುತ್ತಿರುವಾಗ ವೈದ್ಯರಿಗೆ ಇದರಿಂದ ಆಗುವ ಸಹಾಯ ಸಣ್ಣದಲ್ಲ.

ಸಿಟಿ ಸ್ಕ್ಯಾನ್‌ನಲ್ಲಿ ಕೆಲವರಿಗೆ ಗೂಡಿನೊಳಗೆ ಒಂದು ಉಂಡೆ ಕಾಣುತ್ತದೆ, ಅದರ ಮೇಲೆ ಅರ್ಧಚಂದ್ರದಂತೆ ಗಾಳಿ. ಅದೇ ಫಂಗಸ್ ಉಂಡೆ. ರೋಗಿಯನ್ನು ಬೋರಲು ಮಲಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿದರೆ ಉಂಡೆ ಉರುಳಿ ಇನ್ನೊಂದು ಬದಿಗೆ ಹೋಗಿರುತ್ತದೆ. ಗಡ್ಡೆಯಾಗಿದ್ದರೆ ಹಾಗೆ ಉರುಳುವುದಿಲ್ಲ. ಆದರೆ ನೆನಪಿಡಿ, ಉಂಡೆ ಕಾಣದವರೇ ಹೆಚ್ಚು. ‘ಉಂಡೆ ಇಲ್ಲ, ಹಾಗಾಗಿ ಫಂಗಸ್ ಇಲ್ಲ’ ಎಂಬ ಮಾತು ಸರಿಯಲ್ಲ.

ಹೆಜ್ಜೆ 4: ರಕ್ತ ಪರೀಕ್ಷೆ, ಹೆಸರು ಸರಿಯಾಗಿ ಬರೆಸಿಕೊಳ್ಳಿ

ಇಡೀ ದಾರಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಹೆಜ್ಜೆ ಇದು. ಪರೀಕ್ಷೆಯ ಹೆಸರು ಆಸ್ಪರ್ಜಿಲಸ್ ಫ್ಯುಮಿಗೇಟಸ್ ಐಜಿಜಿ. ದೇಹ ಈ ಫಂಗಸ್ ಜೊತೆ ಬಹಳ ದಿನ ಹೋರಾಡಿದ್ದರೆ ರಕ್ತದಲ್ಲಿ ಈ ಪ್ರತಿಕಾಯ ಏರಿರುತ್ತದೆ. ದೀರ್ಘಕಾಲದ ಆಸ್ಪರ್ಜಿಲಸ್ ಕಾಯಿಲೆಗೆ ಇದಕ್ಕಿಂತ ಉಪಯೋಗದ ರಕ್ತ ಪರೀಕ್ಷೆ ಇಲ್ಲ.

ಎಡವಟ್ಟು ಆಗುವುದು ಹೆಸರಿನಲ್ಲೇ. ಐಜಿಜಿ ಬೇರೆ, ಐಜಿಇ ಬೇರೆ. ಐಜಿಇ ಅಲರ್ಜಿಯ ಪರೀಕ್ಷೆ. ಚೀಟಿಯಲ್ಲಿ ಒಂದಕ್ಷರ ತಪ್ಪಿದರೂ ಹಣ ವ್ಯರ್ಥ, ಉತ್ತರವೂ ತಪ್ಪು. ಗ್ಯಾಲಕ್ಟೋಮ್ಯಾನನ್ ಎಂಬ ಇನ್ನೊಂದು ಪರೀಕ್ಷೆಯೂ ಇದೆ. ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವಂಥವರಿಗೆ ದಿಢೀರನೆ ಬರುವ ಫಂಗಸ್ ಸೋಂಕಿಗೆ ಅದು ಒಳ್ಳೆಯದು. ನಾವು ಮಾತಾಡುತ್ತಿರುವ ನಿಧಾನ ಕಾಯಿಲೆಯಲ್ಲಿ ರಕ್ತದ ಗ್ಯಾಲಕ್ಟೋಮ್ಯಾನನ್ ಹಲವು ಸಲ ನೆಗೆಟಿವ್ ಬರುತ್ತದೆ. ಅದನ್ನು ನೋಡಿ ‘ಫಂಗಸ್ ಇಲ್ಲ’ ಎಂದು ಮನೆಗೆ ಕಳಿಸಿದರೆ ರೋಗಿ ಮತ್ತೆ ಟಿಬಿ ಮಾತ್ರೆಗೇ ಬಂದು ನಿಲ್ಲುತ್ತಾನೆ.

ಐಜಿಜಿ ಎಲ್ಲ ಊರಲ್ಲೂ ಆಗುವುದಿಲ್ಲ. ಆದರೆ ಬೇಕಾಗಿರುವುದು ಸ್ವಲ್ಪ ರಕ್ತ ಮಾತ್ರ. ತಾಲ್ಲೂಕಿನ ಲ್ಯಾಬ್‌ನವರೂ ರಕ್ತ ತೆಗೆದು ದೊಡ್ಡ ಲ್ಯಾಬ್‌ಗೆ ಕಳಿಸಿಕೊಡಬಲ್ಲರು. ಕೇಳುವುದಕ್ಕೆ ಸಂಕೋಚ ಬೇಡ. ಹೀಗೆ ಕೇಳಬಹುದು: ‘ಡಾಕ್ಟ್ರೇ, ಕಫದಲ್ಲಿ ಟಿಬಿ ಸಿಕ್ಕಿದೆಯಾ? ಸಿಕ್ಕಿಲ್ಲ ಅಂದ್ರೆ ಆಸ್ಪರ್ಜಿಲಸ್ ಐಜಿಜಿ ಒಂದ್ಸಲ ಮಾಡಿಸೋಣ್ವಾ?’ ಇದು ವೈದ್ಯರ ಮೇಲಿನ ಅಪನಂಬಿಕೆ ಅಲ್ಲ. ದಿನಕ್ಕೆ ಹತ್ತಾರು ಟಿಬಿ ರೋಗಿಗಳನ್ನು ನೋಡುವವರಿಗೆ ಟಿಬಿಯೇ ಮೊದಲು ನೆನಪಾಗುವುದು ಸಹಜ, ಅಲ್ವಾ?

ಫಲಿತಾಂಶ ಓದುವಾಗ ಎರಡು ಎಚ್ಚರ. ಬರೀ ಐಜಿಜಿ ಪಾಸಿಟಿವ್ ಬಂದರೆ ಕಾಯಿಲೆ ಇದೆ ಎಂದಲ್ಲ, ಸ್ಕ್ಯಾನ್ ಮತ್ತು ತೊಂದರೆಗಳ ಜೊತೆ ಹೊಂದಬೇಕು. ನೆಗೆಟಿವ್ ಬಂದರೂ ಪೂರ್ತಿ ಕೈಬಿಡುವಂತಿಲ್ಲ. ಸಾಮಾನ್ಯವಾಗಿ ಪರೀಕ್ಷೆ ನಡೆಯುವುದು ಫ್ಯುಮಿಗೇಟಸ್ ಜಾತಿಗೆ. ನಮ್ಮ ದೇಶದಲ್ಲಿ ಫ್ಲೇವಸ್ ಎಂಬ ಇನ್ನೊಂದು ಜಾತಿಯೂ ಕಾಯಿಲೆ ತರುತ್ತದೆ, ಅದು ಇದರಲ್ಲಿ ತಪ್ಪಿಸಿಕೊಳ್ಳಬಹುದು. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಪ್ರತಿಕಾಯ ಏರದೆಯೂ ಇರಬಹುದು.

ಹೆಜ್ಜೆ 5: ಕಫದ ಫಂಗಸ್ ಕಲ್ಚರ್

ಕಲ್ಚರ್ ಎಂದಷ್ಟೇ ಬರೆದರೆ ಲ್ಯಾಬ್‌ನವರು ಬ್ಯಾಕ್ಟೀರಿಯಾ ನೋಡಿ ಎರಡು ದಿನಕ್ಕೆ ತಟ್ಟೆ ಎಸೆಯುತ್ತಾರೆ. ‘ಫಂಗಸ್ ಕಲ್ಚರ್’ ಎಂದು ಬೇರೆಯಾಗಿ ಬರೆಸಬೇಕು, ಹಳೇ ಟಿಬಿ ಗೂಡು ಇದೆ ಎಂಬ ಸಾಲೂ ಇರಲಿ. ಒಂದು ಸಲ ಸಿಗದಿದ್ದರೆ ಇನ್ನೊಂದು ಸಲ ಕೊಡಿ. ಬೀಜಕಣ ಗಾಳಿಯಲ್ಲೇ ಇರುವುದರಿಂದ ಕಲ್ಚರ್‌ನಲ್ಲಿ ಬೆಳೆದದ್ದೆಲ್ಲ ಕಾಯಿಲೆಯೂ ಅಲ್ಲ.

ಹೆಜ್ಜೆ 6: ಚೂರು ತೆಗೆಯುವ ಪರೀಕ್ಷೆ ಆದರೆ ಎರಡು ಡಬ್ಬಿ

ಕೆಲವೊಮ್ಮೆ ಸ್ಕ್ಯಾನ್ ನೋಡಿ ಕ್ಯಾನ್ಸರ್ ಅನುಮಾನ ಬರುತ್ತದೆ. ಪೆಟ್ ಸ್ಕ್ಯಾನ್‌ನಲ್ಲಿ ಫಂಗಸ್ ಕೂಡ ಕ್ಯಾನ್ಸರ್‌ನಂತೆ ಹೊಳೆಯುತ್ತದೆ. ಹಾಗಾಗಿ ಬ್ರಾಂಕೋಸ್ಕೋಪಿಯಿಂದ (ಶ್ವಾಸನಾಳದೊಳಗೆ ಕ್ಯಾಮೆರಾ ಇರುವ ನಳಿಕೆ ಇಳಿಸಿ) ಅಥವಾ ಸೂಜಿಯಿಂದ ಶ್ವಾಸಕೋಶದ ಚೂರು ತೆಗೆಯಬೇಕಾಗುತ್ತದೆ.

ಆ ಚೂರನ್ನು ಪೂರ್ತಿಯಾಗಿ ಫಾರ್ಮಲಿನ್‌ಗೆ (ಚೂರು ಕೆಡದಂತೆ ಇಡುವ ದ್ರಾವಣ) ಹಾಕಿಬಿಟ್ಟರೆ ರೋಗಾಣುಗಳೆಲ್ಲ ಸಾಯುತ್ತವೆ, ಕಲ್ಚರ್‌ಗೆ ಅವಕಾಶವೇ ಉಳಿಯುವುದಿಲ್ಲ. ಒಂದು ಭಾಗ ಫಾರ್ಮಲಿನ್‌ನಲ್ಲಿ, ಇನ್ನೊಂದು ಭಾಗ ಸಲೈನ್‌ನಲ್ಲಿ (ಶುದ್ಧ ಉಪ್ಪುನೀರು) ಹೋಗಬೇಕು. ಸಲೈನ್‌ನಲ್ಲಿದ್ದದ್ದು ಟಿಬಿ ಕಲ್ಚರ್, ಫಂಗಸ್ ಕಲ್ಚರ್ ಎರಡಕ್ಕೂ. ಪ್ರಕ್ರಿಯೆಯ ಹಿಂದಿನ ದಿನವೇ ಇದನ್ನು ಕೇಳಿಬಿಡಿ, ಆಮೇಲೆ ಸರಿಪಡಿಸಲು ಆಗುವುದಿಲ್ಲ.

ವರದಿಯಲ್ಲಿ ‘ಗ್ರಾನ್ಯುಲೋಮಾ’ (ಸೋಂಕಿನ ಸುತ್ತ ದೇಹದ ರಕ್ಷಣಾ ಕಣಗಳು ಕಟ್ಟುವ ಸಣ್ಣ ಗಂಟು) ಎಂದು ಬಂದರೆ ನಮ್ಮಲ್ಲಿ ಬಹುತೇಕ ಟಿಬಿ ಎಂದೇ ಓದಿಬಿಡುತ್ತಾರೆ. ಫಂಗಸ್ ಸೋಂಕಿನಲ್ಲೂ ಗ್ರಾನ್ಯುಲೋಮಾ ಆಗುತ್ತದೆ. ಅದೇ ಚೂರಿಗೆ ಪಿಎಎಸ್, ಜಿಎಂಎಸ್ ಎಂಬ ಬಣ್ಣ ಹಾಕಿ ನೋಡಿದರೆ ಫಂಗಸ್ ಎದ್ದು ಕಾಣುತ್ತದೆ. ಮೇಣದಲ್ಲಿ ಕೂರಿಸಿದ ಚೂರು, ಅಂದರೆ ಬ್ಲಾಕ್, ಲ್ಯಾಬ್‌ನಲ್ಲೇ ಇರುತ್ತದೆ, ಹಳೇ ವರದಿಯಾದರೂ ಈ ಬಣ್ಣ ಹಾಕಿ ಮತ್ತೆ ನೋಡಿ ಎಂದು ಕೇಳಬಹುದು.

ಹೆಜ್ಜೆ 7: ನಿಮ್ಮ ಕಥೆ ಸ್ವಲ್ಪ ಬೇರೆ ಇದ್ದರೆ

ಬಹಳ ವರ್ಷದಿಂದ ಅಸ್ತಮಾ ಇದೆ, ಇನ್‌ಹೇಲರ್‌ಗೂ ಬಗ್ಗುತ್ತಿಲ್ಲ, ಕಂದು ಬಣ್ಣದ ಗಟ್ಟಿ ಕಫ ತುಂಡು ತುಂಡಾಗಿ ಬರುತ್ತದೆ, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಇಂದು ಇಲ್ಲಿ, ಮುಂದಿನ ತಿಂಗಳು ಅಲ್ಲಿ. ಇಂಥವರಿಗೂ ಟಿಬಿ ಮಾತ್ರೆ ಕೊಟ್ಟಿರುವ ಉದಾಹರಣೆ ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಇದು ಎಬಿಪಿಎ, ಅಂದರೆ ಅದೇ ಆಸ್ಪರ್ಜಿಲಸ್‌ಗೆ ಶ್ವಾಸಕೋಶ ತೋರಿಸುವ ಅಲರ್ಜಿ. ಇಲ್ಲಿ ಬೇಕಾದ್ದು ಐಜಿಇ: ಒಟ್ಟು ಐಜಿಇ ಮತ್ತು ಆಸ್ಪರ್ಜಿಲಸ್‌ಗೇ ಮೀಸಲಾದ ಐಜಿಇ. ಒಟ್ಟು ಐಜಿಇಗೆ ಹಿಂದೆ 1000 ಎಂಬ ಗೆರೆ ಇತ್ತು, 2024ರ ಹೊಸ ಮಾರ್ಗಸೂಚಿಯಲ್ಲಿ ಅದು 500ಕ್ಕೆ ಇಳಿದಿದೆ. ಹಳೇ ಗೆರೆ ನೋಡಿ ‘ನಿಮಗಿಲ್ಲ’ ಎಂದಿದ್ದರೆ ಇನ್ನೊಮ್ಮೆ ತೋರಿಸಿ.

ಇದನ್ನು ಬಿಡಿಸಿ ಹೇಳಲು ಕಾರಣ ಇದೆ. ಎಬಿಪಿಎಗೆ ಸ್ಟೀರಾಯ್ಡ್ ಮದ್ದು. ಟಿಬಿ ಗೂಡಿನ ಆಸ್ಪರ್ಜಿಲಸ್‌ಗೆ ಸ್ಟೀರಾಯ್ಡ್ ಕೊಟ್ಟರೆ ಫಂಗಸ್ ಇನ್ನಷ್ಟು ಹರಡಬಹುದು. ಫಂಗಸ್ ಒಂದೇ, ಸ್ಟೀರಾಯ್ಡ್‌ನ ಪರಿಣಾಮ ತದ್ವಿರುದ್ಧ. ಕೆಮ್ಮು ನಿಲ್ಲಲಿ ಎಂದು ಮೆಡಿಕಲ್ ಶಾಪ್‌ನಲ್ಲಿ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವುದು ಇದಕ್ಕೇ ಅಪಾಯ.

ಸಕ್ಕರೆ ಬಹಳ ಏರಿದವರಿಗೆ ಜ್ವರ, ಎದೆನೋವು, ಕಫದಲ್ಲಿ ರಕ್ತ ಎಲ್ಲ ಕೆಲವೇ ದಿನದಲ್ಲಿ ಬಂದರೆ ಮ್ಯೂಕರ್ ಎಂಬ ಬೇರೆ ಫಂಗಸ್ ಇರಬಹುದು. 2021ರಲ್ಲಿ ‘ಬ್ಲ್ಯಾಕ್ ಫಂಗಸ್’ ಎಂದು ಎಲ್ಲರೂ ಕೇಳಿದ್ದು ಇದೇ. ಇದರಲ್ಲಿ ಗ್ಯಾಲಕ್ಟೋಮ್ಯಾನನ್ ಏರುವುದಿಲ್ಲ, ಬೇಗ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದು ದಿನವೂ ತಡ ಮಾಡುವಂತಿಲ್ಲ. ಎಚ್‌ಐವಿ ಇರುವವರು ಕ್ರಿಪ್ಟೋಕಾಕಸ್ ಎಂಬ ಇನ್ನೊಂದು ಫಂಗಸ್‌ಗೆ ಆ್ಯಂಟಿಜೆನ್ ಪರೀಕ್ಷೆ ಕೇಳಬೇಕು. ಕೆಮ್ಮು-ಜ್ವರದ ಜೊತೆ ಸ್ಕ್ಯಾನ್‌ನಲ್ಲಿ ಮೂತ್ರಪಿಂಡಗಳ ಮೇಲಿರುವ ಎರಡೂ ಅಡ್ರಿನಲ್ ಗ್ರಂಥಿ ದಪ್ಪವಾಗಿದ್ದರೆ ಹಿಸ್ಟೋಪ್ಲಾಸ್ಮಾ ಎಂಬ ಫಂಗಸ್ ನೆನಪಿರಲಿ. ಗಂಗಾ ಬಯಲಿನ ಕಡೆ ಅದು ಜಾಸ್ತಿ, ಟಿಬಿಯನ್ನು ಅಚ್ಚುಕಟ್ಟಾಗಿ ಹೋಲುತ್ತದೆ.

ಅಮೆರಿಕದ ಅರಿಜೋನಾ, ಕ್ಯಾಲಿಫೋರ್ನಿಯಾ ಕಡೆ ಇರುವ ಕನ್ನಡಿಗರಿಗೆ, ಮಕ್ಕಳ ಮನೆಗೆಂದು ಫೀನಿಕ್ಸ್‌ಗೆ ಹೋಗಿ ಬರುವ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಅಲ್ಲಿನ ಮರುಭೂಮಿಯ ಧೂಳಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಫಂಗಸ್ ಇದೆ. ಧೂಳು ಉಸಿರಾಡಿದ ಒಂದರಿಂದ ಮೂರು ವಾರದಲ್ಲಿ ನ್ಯುಮೋನಿಯಾದಂತೆ ಬರುತ್ತದೆ, ಕೀಲು ನೋವು, ಚರ್ಮದ ಮೇಲೆ ಕೆಂಪು ಗಂಟು ಇರಬಹುದು. ಅಲ್ಲಿ ಅದನ್ನು ವ್ಯಾಲಿ ಫೀವರ್ ಅನ್ನುತ್ತಾರೆ. ಊರಿಗೆ ಮರಳಿದ ಮೇಲೆ ಕೆಮ್ಮು ಬಿಡದಿದ್ದರೆ ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರಿಗೆ ನೀವೇ ಹೇಳಬೇಕು. ಲ್ಯಾಬ್‌ಗೂ ಹೇಳಬೇಕು, ಏಕೆಂದರೆ ಕಲ್ಚರ್ ತಟ್ಟೆಯಲ್ಲಿ ಬೆಳೆದ ಈ ಫಂಗಸ್ ಅಲ್ಲಿ ಕೆಲಸ ಮಾಡುವವರ ಶ್ವಾಸಕೋಶಕ್ಕೂ ಸೇರಬಲ್ಲದು.

ಉಡುಪಿ, ದಕ್ಷಿಣ ಕನ್ನಡದ ಕಡೆಯವರು ಇನ್ನೊಂದು ಹೆಸರು ತಿಳಿದಿರಬೇಕು: ಮೆಲಿಯಾಯ್ಡೋಸಿಸ್. ಇದು ಫಂಗಸ್ ಅಲ್ಲ, ಮಣ್ಣು-ನೀರಿನಲ್ಲಿರುವ ಬ್ಯಾಕ್ಟೀರಿಯಾ. ಮಳೆಗಾಲದಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಇದೂ ಟಿಬಿಯಂತೆಯೇ ಕಾಣುತ್ತದೆ. ಕಫ ಮತ್ತು ರಕ್ತದ ಕಲ್ಚರ್‌ನಿಂದ ಪತ್ತೆಯಾಗುತ್ತದೆ.

ಹೆಜ್ಜೆ 8: ಫಂಗಸ್ ಎಂದು ಖಾತರಿಯಾದ ಮೇಲೆ

ಗೂಡಿನ ಆಸ್ಪರ್ಜಿಲಸ್‌ಗೆ ಸಾಮಾನ್ಯವಾಗಿ ಕೊಡುವುದು ಇಟ್ರಾಕೊನಜೋಲ್ ಎಂಬ ಫಂಗಸ್ ಮದ್ದು. ಒಂದೇ ಕಡೆ, ಒಂದೇ ಉಂಡೆ ಇದ್ದು ದೇಹ ತಡೆದುಕೊಳ್ಳುವಂತಿದ್ದರೆ ಆಪರೇಷನ್ ಮಾಡಿ ತೆಗೆಯುವುದೂ ಉಂಟು. ಮಾತ್ರೆ ಶುರುವಾಗುವ ದಿನ ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಟಿಬಿಯ ರಿಫಾಂಪಿಸಿನ್ ಇಟ್ರಾಕೊನಜೋಲ್ ಅನ್ನು ರಕ್ತದಲ್ಲಿ ನಿಲ್ಲಲು ಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ನುಂಗಿದರೆ ಫಂಗಸ್ ಮದ್ದು ನುಂಗಿದ್ದೂ ಸುಮ್ನೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಅದರ ಪ್ರಭಾವ ಇಳಿಯಲು ಸುಮಾರು ಎರಡು ವಾರ ಬೇಕು. ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳೂ ಇದರ ಜೊತೆ ಹೊಂದುವುದಿಲ್ಲ. ಹೃದಯ ದುರ್ಬಲ ಇರುವವರು ಅದನ್ನು ಮೊದಲೇ ಹೇಳಬೇಕು.

ಇಟ್ರಾಕೊನಜೋಲ್ ಕ್ಯಾಪ್ಸೂಲ್ ಹೊಟ್ಟೆಯಲ್ಲಿ ಕರಗಲು ಆಮ್ಲ ಬೇಕು. ಊಟ ಆದ ಕೂಡಲೇ ನುಂಗಬೇಕು. ಗ್ಯಾಸ್ಟ್ರಿಕ್ ಮಾತ್ರೆ ದಿನಾ ನುಂಗುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಜನರಿಗಿದೆ, ಅದು ಈ ಮದ್ದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಎರಡು ವಾರದ ಮೇಲೆ ರಕ್ತದಲ್ಲಿ ಮದ್ದಿನ ಮಟ್ಟ ನೋಡುವ ಪರೀಕ್ಷೆ ಸಿಗುವ ಕಡೆ ಮಾಡಿಸಿ. ಲಿವರ್ ಪರೀಕ್ಷೆಯೂ ಆಗಾಗ ಬೇಕು. ಕಾಲು ಊದಿಕೊಂಡರೆ, ಕಣ್ಣು ಹಳದಿಯಾದರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ.

ಎಷ್ಟು ತಿಂಗಳು? ಚಂಡೀಗಢದ ಪಿಜಿಐ ಆಸ್ಪತ್ರೆಯವರು ಆರು ತಿಂಗಳ ಚಿಕಿತ್ಸೆಯನ್ನೂ ಹನ್ನೆರಡು ತಿಂಗಳ ಚಿಕಿತ್ಸೆಯನ್ನೂ ಹೋಲಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳಿಗೆ ನಿಲ್ಲಿಸಿದವರಲ್ಲಿ ನೂರಕ್ಕೆ 38 ಮಂದಿಗೆ ಕಾಯಿಲೆ ಮರಳಿತ್ತು, ವರ್ಷವಿಡೀ ತೆಗೆದುಕೊಂಡವರಲ್ಲಿ ನೂರಕ್ಕೆ 10 ಮಂದಿಗೆ. ಆದ್ದರಿಂದ ನಾಲ್ಕನೇ ತಿಂಗಳಿಗೆ ಕೆಮ್ಮು ನಿಂತಿತು, ತೂಕ ಏರಿತು ಎಂದು ಮಾತ್ರೆ ಬಿಡಬೇಡಿ. ಪ್ರತಿ ಭೇಟಿಯಲ್ಲೂ ತೂಕ ಬರೆಸಿ, ಎಕ್ಸ್‌ರೇಯನ್ನು ಹಳೆಯದರ ಪಕ್ಕ ಇಟ್ಟು ನೋಡಲು ಹೇಳಿ. ಮಾತ್ರೆ ಮುಗಿದ ಮೇಲೂ ಆರು ತಿಂಗಳಿಗೊಮ್ಮೆ ತೋರಿಸುತ್ತಾ ಇರಿ. ಬಣವೆ ಕೆದಕುವುದು, ಗೊಬ್ಬರದ ಗುಂಡಿ ತಿರುವುವುದು, ಬೂಸ್ಟು ಹಿಡಿದ ಕಾಳು ಕೇರುವುದು ಮನೆಯ ಬೇರೆಯವರ ಪಾಲಿಗೆ ಇರಲಿ.